ಕಂಬಿ ಕಟ್ಟಲು ಯಂತ್ರ ಏಕಿಲ್ಲ?

ಪ್ರಶ್ನೆ: ಕಾಂಕ್ರೀಟ್ ಕಲಸಲು, ಮೇಲೆತ್ತಲು ಯಂತ್ರಗಳಿವೆ. ಕಂಬಿಗಳನ್ನು ಮಾತ್ರ ಇನ್ನೂ ಕೊಕ್ಕೆ ಹಿಡಿದು ಕೈಯಲ್ಲೇ ಕಟ್ಟುತ್ತಾರಲ್ಲ, ಏಕೆ?

ಉತ್ತರ: ಯಂತ್ರ ಬಂದು ಬಹಳ ಕಾಲವಾಯಿತು. ಜಪಾನಿನ ಮ್ಯಾಕ್ಸ್ ಕಂಪನಿ ಬ್ಯಾಟರಿಯಿಂದ ನಡೆಯುವ ಕಂಬಿ ಕಟ್ಟುವ ಗನ್ನನ್ನು 1990ರ ದಶಕದಲ್ಲೇ ತಂದಿತು. ಒಂದು ಗಂಟಿಗೆ ಒಂದು ಸೆಕೆಂಡಿನಷ್ಟು ಹೊತ್ತು ಸಾಕು. ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ 2017ರಲ್ಲಿ ಟೈಬಾಟ್ ಎಂಬ ರೋಬಾಟ್ ಸೇತುವೆ ಕೆಲಸಕ್ಕಿಳಿಯಿತು. ಅಂಚಿನ ಹಳಿಗಳ ಮೇಲೆ ಸಾಗುತ್ತ, ಕಂಬಿಗಳು ಕೂಡುವ ಜಾಗವನ್ನು ಕ್ಯಾಮೆರಾದಲ್ಲಿ ಗುರುತಿಸಿ ತಾನೇ ಕಟ್ಟುತ್ತದೆ. ಆದರೆ ಅದಕ್ಕೆ ಚಪ್ಪಟೆಯಾಗಿ ಹರಡಿದ ಜಾಲರಿಯೇ ಬೇಕು. ತೊಲೆ, ಕಂಬಗಳು ಸೇರುವ ಇಕ್ಕಟ್ಟಿನಲ್ಲಿ ಮನುಷ್ಯನ ಕೈಯೇ ಗತಿ.

ನಮ್ಮಲ್ಲಿ ನಿಜವಾದ ಅಡ್ಡಿ ಲೆಕ್ಕಾಚಾರದ್ದು. ಕಂಬಿ ಬಾಗಿಸಿ ಕಟ್ಟುವ ಬಾರ್ ಬೆಂಡರ್‌ಗಳ ಕೂಲಿ ಹೆಚ್ಚಾಗಿ ಟನ್ನಿನ ಮೇಲೆ ನಿಗದಿಯಾಗುತ್ತದೆ. ಬೇಗ ಕಟ್ಟಿದರೂ ನಿಧಾನವಾಗಿ ಕಟ್ಟಿದರೂ ಕಂಟ್ರಾಕ್ಟರ್ ಕೊಡುವ ಹಣ ಅಷ್ಟೇ. ಹಾಗಿರುವಾಗ ಗನ್ನು, ಅದರ ವಿಶೇಷ ತಂತಿಸುರುಳಿ ಕೊಳ್ಳಲು ಅವನಿಗೇನು ಆಸೆ? ದೊಡ್ಡ ಕಾಮಗಾರಿಗಳಲ್ಲಿ ಯಂತ್ರ ಬೇರೆ ದಾರಿಯಲ್ಲಿ ಬಂದಿದೆ: ಕತ್ತರಿಸಿ, ಬಾಗಿಸಿದ ಕಂಬಿ ಕಾರ್ಖಾನೆಯಿಂದಲೇ ಬರುತ್ತದೆ.

ಕಂಬಿಗೆ ಹಾಕುವ ತಂತಿಯ ಗಂಟು ಕಟ್ಟಡಕ್ಕೆ ಬಲ ಕೊಡುವುದಿಲ್ಲ, ಕಾಂಕ್ರೀಟ್ ಗಟ್ಟಿಯಾಗುವವರೆಗೆ ಕಂಬಿಯನ್ನು ಕದಲದಂತೆ ಹಿಡಿಯುತ್ತದೆ, ಅಷ್ಟೆ. ಅದಕ್ಕಾಗಿ ದಿನವಿಡೀ ಬಿಸಿಲಲ್ಲಿ ಬಗ್ಗಿದವರ ಸೊಂಟ ಸವೆಯುತ್ತದೆ. ಉದ್ದ ಹಿಡಿಕೆಯ ಗನ್ನು ಇದ್ದರೆ ನಿಂತೇ ಕಟ್ಟಬಹುದು. ಕೂಲಿ ಉಳಿಯದಿದ್ದರೂ ಸರಿ, ಕಂಟ್ರಾಕ್ಟರುಗಳು ಈ ಕಾರಣಕ್ಕಾದರೂ ಅದನ್ನು ಕೊಳ್ಳಬೇಕು.