ಒಂದು ನಿಮಿಷ ಇಪ್ಪತ್ತು ಸೆಕೆಂಡಿನ ಬ್ಯಾರಿ ಹಾಡು

ಶುಕ್ರವಾರ ಮದ್ರಸಕ್ಕೆ ರಜೆ. ಜುಮಾ ಮುಗಿಸಿ, ಊಟ ಮಾಡಿ ನಾವಿಬ್ಬರು ಉಸ್ತಾದರು ತೊಕ್ಕೊಟ್ಟಿನಲ್ಲಿ ಮಂಗಳೂರಿನ ಬಸ್ಸು ಹತ್ತಿದೆವು. ನಮ್ಮ ಹಳೆಯ ವಿದ್ಯಾರ್ಥಿಯೊಬ್ಬ ನಾಲ್ಕು ದಿನದಿಂದ ಫೋನ್ ಮಾಡುತ್ತಿದ್ದ. ‘ಉಸ್ತಾದ್, ಒಂದು ಬ್ಯಾರಿ ಹಾಡು ರೆಕಾರ್ಡ್ ಮಾಡ್ಲಿಕ್ಕುಂಟು. ಮಾತು ಸರಿ ಉಂಟಾ ಅಂತ ನೀವು ಬಂದು ನೋಡ್ಬೇಕು.’ ಎಂಥ ಹಾಡು ಎಂದು ಕೇಳಿದೆವು. ‘ಪಂಕ್’ ಎಂದ. ತಲೆ ಮೇಲೆ ತಿರುಗುವ ಪಂಕ ಮಾತ್ರ ಗೊತ್ತಿದ್ದ ನಮಗೆ ತಲೆಬುಡ ಅರ್ಥವಾಗಲಿಲ್ಲ.

ಸಂಗೀತದ ಉಪಕರಣಗಳ ಬಗ್ಗೆ ಉಲಮಾಗಳು ಏನು ಹೇಳಿದ್ದಾರೆ ಎಂಬುದು ನಮಗೆ ತಿಳಿಯದ ಸಂಗತಿಯಲ್ಲ. ದಫ್‌ನಿಂದ ಆಚೆಗೆ ನಮ್ಮ ಕೈ ಹೋದದ್ದೂ ಇಲ್ಲ. ಹೋಗುವುದೋ ಬೇಡವೋ ಎಂದು ಎರಡು ದಿನ ಚರ್ಚೆ ಮಾಡಿದೆವು. ಕೊನೆಗೆ, ಕರೆದದ್ದು ಮಾತು ತಿದ್ದಲಿಕ್ಕೆ, ಅಷ್ಟು ಮಾಡಿ ಬರೋಣ ಎಂದು ಹೊರಟೆವು.

ಸ್ಟುಡಿಯೋ ಫಳ್ನೀರ್ ಬದಿಯ ಕಟ್ಟಡವೊಂದರ ಮೂರನೇ ಮಹಡಿಯಲ್ಲಿ. ತಂಡದಲ್ಲಿ ನಾಲ್ವರು. ಹಾಡುವವನೂ ಗಿಟಾರಿನವನೂ ನಮ್ಮವರು. ಬೇಸ್ ಗಿಟಾರಿನವನು ಕೊಂಕಣಿ ಮಾತಾಡುವ ಕ್ರೈಸ್ತ ಹುಡುಗ, ಡ್ರಮ್ಮಿನವನ ಮನೆ ಮಾತು ತುಳು. ಪಂಕ್ ಅಂದರೆ ಎಂತ ಎಂದು ಅವರೇ ಬಿಡಿಸಿ ಹೇಳಿದರು. ನ್ಯೂಯಾರ್ಕಿನಲ್ಲಿ 1974ರಲ್ಲಿ ರಾಮೋನ್ಸ್ ಎಂಬ ತಂಡ ಹುಟ್ಟಿತು. 1976ರಲ್ಲಿ ಬಂದ ಅವರ ಮೊದಲ ಆಲ್ಬಮ್ಮಿನಲ್ಲಿ 14 ಹಾಡುಗಳು. ಎಲ್ಲ ಸೇರಿಸಿದರೂ ಅರ್ಧ ಗಂಟೆ ಇಲ್ಲ. ಮೂರು ಕಾರ್ಡ್ ಬಂದರೆ ಸಾಕು, ದೊಡ್ಡ ವಿದ್ವಾಂಸ ಆಗಬೇಕಿಲ್ಲ, ಹೇಳಲಿಕ್ಕೆ ಇರುವುದನ್ನು ಬೇಗ ಹೇಳಿ ಮುಗಿಸಬೇಕು. ಅದೇ ಅದರ ದಾರಿಯಂತೆ.

ಇವರ ಹಾಡು ಒಂದು ನಿಮಿಷ ಇಪ್ಪತ್ತು ಸೆಕೆಂಡು. ಅರ್ಧ ಗಂಟೆಯಲ್ಲಿ ಮುಗಿಯಬಹುದು ಎಂದು ನಾವು ಲೆಕ್ಕ ಹಾಕಿದ್ದೆವು. ಐದು ಗಂಟೆ ಹಿಡಿಯಿತು ಮಾರಾಯ್ರೆ! ಮೊದಲು ಡ್ರಮ್ಮು. ಹುಡುಗನ ಕಿವಿಯ ಹೆಡ್‌ಫೋನಿನಲ್ಲಿ ನಿಮಿಷಕ್ಕೆ 180ರಂತೆ ಟಕ್ ಟಕ್ ಎಂಬ ಎಣಿಕೆ. ಇಡೀ ಹಾಡಿಗೆ 240 ಪೆಟ್ಟಿನ ಲೆಕ್ಕ. ಒಂದು ಕಡೆ ಕೈ ಜಾರಿದರೂ ಮತ್ತೆ ಮೊದಲಿನಿಂದ. ಅದರ ಮೇಲೆ ಬೇಸ್, ಅದರ ಮೇಲೆ ಗಿಟಾರು. ದನಿ ಎಲ್ಲದಕ್ಕಿಂತ ಕೊನೆಗೆ.

ಹಾಡಿನ ಸಂಗತಿ ಇಷ್ಟು. ಬಾಪ ಇಪ್ಪತ್ತೆರಡು ವರ್ಷ ಗಲ್ಫಿನಲ್ಲಿ ದುಡಿದರು. ಮನೆ ಕಟ್ಟಿ ಆಯಿತು, ಅಕ್ಕಂದಿರ ಮದುವೆ ಆಯಿತು. ಬಾಪ ರಜೆಯಲ್ಲಿ ಬಂದಾಗ ಪೆಟ್ಟಿಗೆ ಬಿಚ್ಚಿ ಪ್ರತಿ ಸಾಮಾನಿನ ಬೆಲೆ ಎಲ್ಲರೂ ಕೇಳಿದರು. ಬಾಪನ ಆ ಇಪ್ಪತ್ತೆರಡು ವರ್ಷಕ್ಕೆ ಬೆಲೆ ಎಷ್ಟು? ಈ ಪ್ರಶ್ನೆಯನ್ನೇ ಅವನು ಏಳೆಂಟು ಸಲ ಕಿರುಚುತ್ತಾನೆ. ಕಿವಿ ಮುಚ್ಚಿಕೊಳ್ಳಲಿಕ್ಕೆ ಹೊರಟ ನಮ್ಮ ಕೈ ಅಲ್ಲಿಗೇ ನಿಂತಿತು. ಈ ಹುಡುಗನ ಬಾಪ ಯಾರು ಎಂಬುದು ನಮಗೆ ಗೊತ್ತುಂಟು.

ಆದರೆ ಮಾತು ಸರಿ ಇರಲಿಲ್ಲ. ‘ಬೆಲೆ’ ಎನ್ನುವ ಕಡೆ ಅವನು ‘ವಿಲ’ ಎನ್ನುತ್ತಿದ್ದ. ‘ಎರಿ’ಯನ್ನು ‘ಅರಿ’ ಎಂದ, ‘ಮನ್ನು’ ಎನ್ನುವಲ್ಲಿ ‘ಮಣ್ಣ್’ ಎಂದ. ಇದು ಮಲಯಾಳ. ನಮ್ಮ ಬ್ಯಾರಿಯಲ್ಲಿ ಮಲಯಾಳದ ವಕಾರ ಶಬ್ದದ ಆರಂಭದಲ್ಲಿ ಬಕಾರವಾಗುತ್ತದೆ, ಣ ಹೋಗಿ ನ ಆಗುತ್ತದೆ, ಳ ಹೋಗಿ ಲ ಆಗುತ್ತದೆ. ‘ಮನೆಯಲ್ಲಿ ನಿನ್ನ ಉಮ್ಮ ಎಂತ ಹೇಳುವುದು?’ ಎಂದು ಕೇಳಿದೆವು.

‘ಬೆಲೆ’ ಎಂದ. ಸ್ವಲ್ಪ ತಡೆದು ಮುಂದುವರಿಸಿದ. ‘ಉಸ್ತಾದ್, ಬೇಜಾರ್ ಮಾಡ್ಬೇಡಿ. ಮದ್ರಸದಲ್ಲಿ ನಾನು ಬೆಲೆ ಅಂದದ್ದಕ್ಕೆ ಅದು ತಪ್ಪು, ವಿಲ ಅನ್ನು ಅಂತ ತಿದ್ದಿದ್ದು ನೀವೇ.’

ನಮ್ಮ ಬಾಯಿ ಕಟ್ಟಿತು. ಅವನು ಹೇಳಿದ್ದು ಸತ್ಯ. ನಾವು ಕಲಿತ ಕಿತಾಬುಗಳು ಅರಬಿ-ಮಲಯಾಳದವು. ಮನೆಯ ಮಾತು ಮನೆಗೆ, ಕಿತಾಬಿನ ಮಾತು ಮರ್ಯಾದೆಯದ್ದು ಎಂದು ನಾವೂ ನಂಬಿದ್ದೆವು, ಮಕ್ಕಳಿಗೂ ಹಾಗೆಯೇ ಕಲಿಸಿದೆವು. 2009ರಲ್ಲಿ ಬ್ಯಾರಿ ಸಾಹಿತ್ಯ ಅಕಾಡೆಮಿ ಬಂತು, ಪುಸ್ತಕಗಳು ಬಂದವು. ಆದರೆ ಬೆಂಚಿನ ಮೇಲೆ ಕೂತಿದ್ದ ಹುಡುಗನಿಗೆ, ನಿನ್ನ ಉಮ್ಮನ ಮಾತು ತಪ್ಪಲ್ಲ ಎಂದು ನಾವು ಹೇಳಿರಲಿಲ್ಲ. ಅದನ್ನು ಆ ಸ್ಟುಡಿಯೋದಲ್ಲಿ ನಿಂತು ಹೇಳಿದೆವು. ‘ಅವತ್ತು ತಪ್ಪಿದ್ದು ನಾವು. ಬೆಲೆ ಅಂತಲೇ ಹಾಡು.’

ಅಸರ್ ಆಯಿತು. ದನಿ ರೆಕಾರ್ಡ್ ಮಾಡುವ ಚಿಕ್ಕ ಕೋಣೆ ಬಿಟ್ಟರೆ ಬೇರೆ ಜಾಗವಿಲ್ಲ. ಡ್ರಮ್ಮಿನ ಹುಡುಗನೇ ವಯರುಗಳನ್ನು ಬದಿಗೆ ಸರಿಸಿ ಕೊಟ್ಟ. ಹೊರಗಿನ ಒಂದು ಹಾರ್ನ್ ಕೂಡ ಕೇಳದ ಕೋಣೆ. ಅಷ್ಟು ನಿಶ್ಶಬ್ದದಲ್ಲಿ ನಾವು ನಮಾಝ್ ಮಾಡಿದ್ದು ಕಡಿಮೆ.

ಮತ್ತೆ ಹಾಡು. ಈಗ ಬೇರೆ ತಾಪತ್ರಯ. ‘ಬೆಲೆ’ ಎಂದು ಕಿರುಚಿದರೆ ಬಾಯಿಯ ಗಾಳಿ ಮೈಕಿಗೆ ಬಡಿದು ‘ಢಬ್’ ಎನ್ನುತ್ತಿತ್ತು. ರೆಕಾರ್ಡ್ ಮಾಡುವವರು ಮೈಕಿನ ಎದುರು ಬಲೆಯ ಪರದೆ ಇಟ್ಟರು, ಆದರೂ ಬಿಡಲಿಲ್ಲ. ಅಕ್ಷರಗಳ ಮಖ್ರಜ್ ಕಲಿಸುವುದು ನಮ್ಮ ಕೆಲಸವಲ್ಲವೇ? ಬಕಾರ ಹುಟ್ಟುವುದು ಎರಡು ತುಟಿ ಸೇರಿದ ಕಡೆ. ತುಟಿ ಗಟ್ಟಿ ಸೇರಲಿ, ಉಸಿರು ಹಿಡಿದು ಬಿಡು, ಮುಖ ಸ್ವಲ್ಪ ಓರೆ ಮಾಡು ಎಂದೆವು. ಹನ್ನೊಂದನೇ ಸಲಕ್ಕೆ ಅದು ಸರಿಯಾಗಿ ಬಂತು. ಹಾಡಿ ಮುಗಿಸಿದ ಹುಡುಗ ಸುಮಾರು ಹೊತ್ತು ಆ ಕೋಣೆಯಿಂದ ಹೊರಗೆ ಬರಲಿಲ್ಲ. ನಾವೂ ಕರೆಯಲಿಲ್ಲ.

ಹಾಡನ್ನು ಬಾಪನಿಗೆ ಕೇಳಿಸು ಎಂದು ಹೇಳಿ ಬಂದೆವು. ಅವರು ಈಗ ಊರಲ್ಲೇ ಇದ್ದಾರೆ, ಮಂಡಿ ನೋವು. ಎರಡು ದಿನ ಬಿಟ್ಟು ಇಶಾ ನಮಾಝ್ ಮುಗಿದ ಮೇಲೆ ಪಳ್ಳಿಯ ಮೆಟ್ಟಿಲಲ್ಲಿ ಸಿಕ್ಕಿದರು. ಚಪ್ಪಲಿ ಹುಡುಕುತ್ತಾ, ನಮ್ಮ ಮುಖ ನೋಡದೆಯೇ ಹೇಳಿದರು: ‘ಶಬ್ದ ಸ್ವಲ್ಪ ಜಾಸ್ತಿಯಾಯ್ತು ಉಸ್ತಾದ್. ಮಾತು ಸರಿ ಉಂಟು.’

ಅಷ್ಟೇ ಹೇಳಿ ಮನೆ ಕಡೆ ನಡೆದರು. ಆ ಹಾಡು ಎಲ್ಲರೂ ಕೇಳಬೇಕಾದದ್ದು ಎಂದು ನಾವು ಹೇಳುವುದಿಲ್ಲ. ಆದರೆ ಮನೆಯಲ್ಲಿ ಮಕ್ಕಳು ಏನಾದರೂ ಕಿರುಚಿದರೆ, ಶಬ್ದ ಕಡಿಮೆ ಮಾಡು ಎನ್ನುವ ಮೊದಲು ಅವರು ಹೇಳುತ್ತಿರುವುದು ಏನೆಂದು ಒಮ್ಮೆ ಕೇಳೋಣ. ಅದು ನಮ್ಮ ಉಮ್ಮಂದಿರ ಮಾತಿನಲ್ಲೇ ಇದ್ದರೆ, ಅದನ್ನು ತಿದ್ದಲು ಹೋಗುವುದು ಬೇಡ.