ಗಂಟಲ ಗಂಟು

ರಾಗಿಮುದ್ದೆಯನ್ನು ಉಣ್ಣುವುದೂ ಒಂದು ವಿದ್ಯೆ. ಕೊರವಂಗಲದಿಂದ ಹಿಡಿದು ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳವರೆಗೆ ಹಾಸನದ ಸೀಮೆಯವರಿಗೆ ಅದು ಎಳವೆಯಲ್ಲಿಯೇ ಕೈಗೂಡಿದ್ದು. ಹೊರಗಿನಿಂದ ಬಂದವರು ಕಲಿಯಬೇಕಾದದ್ದು. ಬಿಸಿಮುದ್ದೆಯಿಂದ ತುತ್ತು ಮುರಿದು, ಬೆರಳುಗಳಲ್ಲಿ ನುಣುಪು ಮಾಡಿ, ಸೊಪ್ಪಿನ ಸಾರಿನಲ್ಲಿ ಹೊರಳಿಸಿ ಬಾಯಿಗಿಟ್ಟರೆ ಹಲ್ಲಿಗೆ ಕೆಲಸವಿಲ್ಲ. ಮುಂದಿನದೆಲ್ಲ ಗಂಟಲಿನ ಹೊಣೆ. ಅಗಿಯಲು ಹೊರಟ ನೆಂಟನನ್ನು ಕಂಡು ಮನೆಯವರು ಸೆರಗಿನ ಮರೆಯಲ್ಲಿ ನಗುವುದುಂಟು.

ಇಂಥ ಗಂಟಲಿಗೂ ಒಮ್ಮೊಮ್ಮೆ ಒಂದು ವಿಚಿತ್ರವಾದ ಬಾಧೆ ತಗಲುತ್ತದೆ. ಒಳಗೆ ಏನೋ ಸಿಕ್ಕಿಕೊಂಡಂತಿರುತ್ತದೆ. ಕೆಮ್ಮಿದರೆ ಹೊರಬಾರದು, ನುಂಗಿದರೆ ಇಳಿಯದು. ಉಗುಳು ನುಂಗಿದಾಗಲೆಲ್ಲ ತಾನು ಅಲ್ಲಿಯೇ ಇರುವುದನ್ನು ನೆನಪಿಸುತ್ತದೆ. ಸೋಜಿಗವೆಂದರೆ, ಊಟಕ್ಕೆ ಕುಳಿತರೆ ಮುದ್ದೆ ತಡೆಯಿಲ್ಲದೆ ಇಳಿದುಹೋಗುತ್ತದೆ! ಕೈ ತೊಳೆದು ಬಂದ ಸ್ವಲ್ಪ ಹೊತ್ತಿಗೆ ಗಂಟು ಮತ್ತೆ ತನ್ನ ಸ್ಥಾನದಲ್ಲಿ. “ಮುದ್ದೆ ಇಳಿಯುವ ಗಂಟಲಿಗೆ ಎಂಥ ರೋಗ?” ಎನ್ನುತ್ತಾರೆ ಮನೆಯವರು. ಅನುಭವಿಸುವವರಾದರೋ ಕ್ಯಾನ್ಸರ್ ಎಂಬ ಹೆಸರನ್ನು ಮನಸ್ಸಿನಲ್ಲೇ ಜಪಿಸುತ್ತ ರಾತ್ರಿಯ ನಿದ್ದೆಯನ್ನು ಕಳೆದುಕೊಳ್ಳುತ್ತಾರೆ. ಒಂದು ಕಡೆ ಹಗುರವಾದ ನಗೆ, ಇನ್ನೊಂದು ಕಡೆ ಭಾರವಾದ ಭಯ. ಎರಡರ ನಡುವೆ ಸತ್ಯವೆಲ್ಲಿದೆ?

ನಮ್ಮ ಭಾಷೆಗೆ ಈ ಬಾಧೆಯ ಪರಿಚಯ ಹಳೆಯದು. ಬಿಸಿತುಪ್ಪವನ್ನು ನುಂಗಲಾರದೆ ಉಗುಳಲಾರದೆ ಒದ್ದಾಡುವವನು ನಮ್ಮ ಗಾದೆಯಲ್ಲಿದ್ದಾನೆ. ನಾವು ಅನ್ನವನ್ನಷ್ಟೇ ನುಂಗುವುದಿಲ್ಲ. ಮಾತನ್ನು ನುಂಗುತ್ತೇವೆ, ಅಳುವನ್ನು ನುಂಗುತ್ತೇವೆ, ಅವಮಾನವನ್ನೂ ನುಂಗುತ್ತೇವೆ. ಗಂಡನ ಮನೆಗೆ ಹೊರಟ ಮಗಳಿಗೆ ತಾಯಿ ಹೇಳುವ ಬುದ್ಧಿಮಾತೂ ಎಷ್ಟೋ ವೇಳೆ ಇದೇ: “ನುಂಗಿಕೊಂಡು ಹೋಗು, ತಾಯಿ.” ಕಡಲನ್ನು ಕಡೆದಾಗ ಹುಟ್ಟಿದ ವಿಷವನ್ನು ಕುಡಿದ ಶಿವನನ್ನು ಸಂಸ್ಕೃತ ನೀಲಕಂಠನೆಂದಿತು, ಕನ್ನಡ ನಂಜುಂಡನೆಂದಿತು. ಸಂಸ್ಕೃತದ ಹೆಸರು ಗಂಟಲನ್ನು ನೋಡಿದರೆ, ಕನ್ನಡದ ಹೆಸರು ಉಂಡದ್ದನ್ನು ನೋಡಿತು. ಆದರೆ ಉಂಡ ನಂಜು ಹೊಟ್ಟೆಗೆ ಇಳಿಯಲಿಲ್ಲ, ಹೊರಗೂ ಬರಲಿಲ್ಲ. ಕೊರಳಲ್ಲಿಯೇ ನಿಂತಿತು ಎಂಬುದನ್ನು ಎರಡು ಹೆಸರುಗಳೂ ಬಲ್ಲವು.

ವೈದ್ಯಶಾಸ್ತ್ರ ಮಾತ್ರ ಬಹುಕಾಲ ಇದನ್ನು ಅನ್ಯಾಯವಾಗಿ ನೋಡಿತು. ಗರ್ಭಕೋಶ ತನ್ನ ಎಡೆ ಬಿಟ್ಟು ಮೇಲಕ್ಕೆ ಸರಿದು ಉಸಿರು ಕಟ್ಟಿಸುತ್ತದೆಂದು ಪ್ರಾಚೀನ ಗ್ರೀಕರು ಊಹಿಸಿದರು. ಆ ಊಹೆಯಿಂದ ಬಂದ ‘ಹಿಸ್ಟೀರಿಯಾ’ ಎಂಬ ಹಣೆಪಟ್ಟಿ ಗಂಟಲ ಗಂಟಿಗೂ ಅಂಟಿತು. ಹೆಂಗಸರ ನರಳಾಟವೆಲ್ಲ ನಟನೆಯೆಂಬಂತಾಯಿತು. ಆಂಗ್ಲ ವೈದ್ಯ ಜಾನ್ ಪರ್ಸೆಲ್ 1707ರಲ್ಲಿಯೇ ಕುತ್ತಿಗೆಯ ಸ್ನಾಯುಗಳ ಬಿಗಿತವನ್ನು ಇದಕ್ಕೆ ಕಾರಣವಾಗಿ ಹೇಳಿದ್ದರೂ ಹಣೆಪಟ್ಟಿ ಕಳಚಲಿಲ್ಲ. 1968ರಲ್ಲಿ ಮಾಲ್ಕಮ್‌ಸನ್ ಎಂಬ ವೈದ್ಯರು, ಈ ರೋಗಿಗಳಲ್ಲಿ ಹೆಚ್ಚಿನವರು ಹಿಸ್ಟೀರಿಯಾದವರಲ್ಲವೆಂದು ತೋರಿಸಿ, ಹೆಸರಿನಿಂದ ಆ ಶಬ್ದವನ್ನೇ ತೆಗೆದುಹಾಕಿದರು. ಗಂಡಸರಿಗೂ ಇದು ಬರುತ್ತದೆಂಬುದು ಇಂದು ತಿಳಿದ ವಿಷಯ.

ಕೊರವಂಗಲದ ಬೂಚೇಶ್ವರ ದೇಗುಲ ಇಲ್ಲಿ ನೆನಪಾಗುತ್ತದೆ. ಎರಡನೆಯ ವೀರಬಲ್ಲಾಳನ ಪಟ್ಟಾಭಿಷೇಕದ ಸಂದರ್ಭದಲ್ಲಿ, 1173ರಲ್ಲಿ, ಬೂಚಿರಾಜನೆಂಬ ಅಧಿಕಾರಿ ಕಟ್ಟಿಸಿದ್ದು ಅದು. ಅಲ್ಲಿ ಶಿವನ ಗುಡಿಗೆ ಎದುರಾಗಿ ಸೂರ್ಯನ ಗುಡಿಯಿದೆ. ನಂಜುಂಡವನ ಎದುರಿಗೆ ಬೆಳಕಿನ ದೇವರು! ಮನುಷ್ಯನ ಗಂಟಲಿನೊಳಗಿನ ಧ್ವನಿಪೆಟ್ಟಿಗೆಯನ್ನು ಕಂಡ ಕಥೆಯಲ್ಲಿಯೂ ಸೂರ್ಯನಿಗೆ ಪಾತ್ರವುಂಟು. 1854ರಲ್ಲಿ ಮ್ಯಾನುಯೆಲ್ ಗಾರ್ಸಿಯಾ ಎಂಬಾತ ಹಲ್ಲಿನ ವೈದ್ಯರ ಪುಟ್ಟ ಕನ್ನಡಿಯೊಂದನ್ನು ಬಾಯೊಳಗಿರಿಸಿ, ಕೈಗನ್ನಡಿಯಿಂದ ಬಿಸಿಲನ್ನು ಅದರ ಮೇಲೆ ಹಾಯಿಸಿ, ತನ್ನದೇ ಧ್ವನಿಪೆಟ್ಟಿಗೆಯ ಚಲನೆಯನ್ನು ಕಂಡ. ಆತ ವೈದ್ಯನಲ್ಲ, ಸಂಗೀತದ ಮೇಷ್ಟರು. ಇಂದು ಆ ಕನ್ನಡಿಯ ಕೆಲಸವನ್ನು ಮೂಗಿನ ಮೂಲಕ ಇಳಿಯುವ ಸಣ್ಣ ಬಳುಕುವ ಕೊಳವೆ ಮಾಡುತ್ತದೆ.

ಹಾಗೆ ನೋಡಿದಾಗ ಬಹುಪಾಲು ವೈದ್ಯರ ಕಣ್ಣಿಗೆ ಬೀಳುವುದೇನು? ಏನೂ ಇಲ್ಲ. ಆದರೆ ಏನೂ ಕಾಣದೆಂದ ಮಾತ್ರಕ್ಕೆ ಏನೂ ಆಗಿಲ್ಲವೆಂದಲ್ಲ. ಅನ್ನನಾಳದ ಬಾಗಿಲಲ್ಲಿ ಉಂಗುರದಂಥ ಸ್ನಾಯುವೊಂದಿದೆ. ಸದಾ ಮುಚ್ಚಿಕೊಂಡಿದ್ದು, ತುತ್ತು ಬಂದಾಗ ಮಾತ್ರ ಸಡಿಲುವುದು ಅದರ ಧರ್ಮ. ಚಿಂತೆ, ದುಃಖ, ತಡೆಹಿಡಿದ ಅಳು ಅದನ್ನು ಇನ್ನಷ್ಟು ಬಿಗಿಯಬಲ್ಲವು. ಹೊಟ್ಟೆಯ ಹುಳಿ ಮೇಲೇರಿ ಕೆರಳಿಸಿದರೂ ಗಂಟಲಲ್ಲಿ ಗಂಟಿನ ಅನುಭವವಾಗಬಹುದು. ಇದೆಯೋ ಹೋಯಿತೋ ಎಂದು ಮತ್ತೆ ಮತ್ತೆ ಒಣಗಂಟಲಲ್ಲಿ ನುಂಗಿ ನೋಡಿದಷ್ಟೂ ಅದು ಹೆಚ್ಚುತ್ತದೆ. ತುತ್ತು ಬಂದಾಗ ಸ್ನಾಯು ಸಡಿಲುತ್ತದೆ. ಆದ್ದರಿಂದಲೇ ಊಟದಲ್ಲಿ ನೆಮ್ಮದಿ. ಪದೇ ಪದೇ ಕೆಮ್ಮಿ ಗಂಟಲು ಸರಿಮಾಡಿಕೊಳ್ಳುವುದನ್ನು ಬಿಟ್ಟು ಒಂದು ಗುಟುಕು ನೀರು ಕುಡಿಯುವುದು ಮೇಲು.

ಅಂದಮೇಲೆ ನಮ್ಮ ಸೀಮೆಯವರ ಕೈಯಲ್ಲಿ ಒಂದು ಒರೆಗಲ್ಲು ಇದ್ದಂತಾಯಿತು. ಮುದ್ದೆ ಸಲೀಸಾಗಿ ಇಳಿದು, ಬರಿಯ ಉಗುಳಿಗೆ ಗಂಟು ಅಡ್ಡವಾದರೆ ಭಯ ಕಡಿಮೆ. ಮುದ್ದೆಯೇ ತಡೆದು ನಿಂತರೆ, ನುಂಗುವಾಗ ನೋವಾದರೆ, ದನಿ ಒಡೆದು ಮೂರು ವಾರ ಕಳೆದರೂ ಸರಿಹೋಗದಿದ್ದರೆ, ಕುತ್ತಿಗೆಯಲ್ಲಿ ಗಡ್ಡೆ ಕೈಗೆ ಸಿಕ್ಕರೆ, ಕಾರಣವಿಲ್ಲದೆ ಮೈ ಇಳಿದರೆ, ಉಗುಳಿನಲ್ಲಿ ರಕ್ತ ಕಂಡರೆ ಒಂದು ದಿನವೂ ತಡಮಾಡಬಾರದು. ರಕ್ತಹೀನತೆಯಿಂದ ಬಳಲುವ ಹೆಂಗಸರಲ್ಲಿ ಅನ್ನನಾಳದೊಳಗೆ ತೆಳುವಾದ ಪೊರೆ ಬೆಳೆದು ತುತ್ತು ನಿಜವಾಗಿ ತಡೆಯುವುದೂ ಉಂಟು. ಅರಕಲಗೂಡಿನ ಕಡೆ ಹೊಗೆಸೊಪ್ಪು ಹಣದ ಬೆಳೆ. ರಾಮನಾಥಪುರದಲ್ಲಿ ಅದರ ಹರಾಜು ಮಾರುಕಟ್ಟೆಯೇ ಇದೆ. ಬೀಡಿ ಸೇದುವವರೂ ಎಲೆಯಡಿಕೆಯೊಡನೆ ಹೊಗೆಸೊಪ್ಪು ಹಾಕುವವರೂ ಗಂಟಲ ತಕರಾರನ್ನು ಎಂದೂ ಹಗುರವಾಗಿ ಕಾಣಕೂಡದು. ಊಟದಲ್ಲಿ ಮೀನಿನ ಮುಳ್ಳು ಸಿಕ್ಕಿಕೊಂಡಾಗ ಮುದ್ದೆಯ ತುತ್ತಿನಿಂದ ತಳ್ಳುವ ಮನೆಮದ್ದೂ ಒಳ್ಳೆಯದಲ್ಲ. ಮುಳ್ಳು ಇನ್ನೂ ಆಳಕ್ಕೆ ನಾಟಬಹುದು.

ಒರೆಗಲ್ಲು ಚಿನ್ನವನ್ನು ತಿಳಿಸೀತು. ಅಕ್ಕಸಾಲಿಗನ ಕೆಲಸವನ್ನು ಮಾಡದು. ಭಯ ಕಡಿಮೆಯೆಂದು ತೋರಿದರೂ ಗಂಟು ವಾರಗಟ್ಟಲೆ ಉಳಿದರೆ ವೈದ್ಯರಿಗೆ ಒಮ್ಮೆ ತೋರಿಸುವುದೇ ವಿವೇಕ. ಕೆಟ್ಟದ್ದೇನೂ ಇಲ್ಲವೆಂಬ ಅವರ ಒಂದು ಮಾತಿನಿಂದಲೇ ಎಷ್ಟೋ ಜನರಿಗೆ ಅರ್ಧ ಗುಣವಾಗುತ್ತದೆ. ಉಳಿದರ್ಧ ಮನೆಯವರ ಕೈಯಲ್ಲಿದೆ. ವಿಷವನ್ನು ಕೊರಳಲ್ಲಿ ನಿಲ್ಲಿಸಿಕೊಂಡು ಬಾಳುವುದು ದೇವರಿಗೆ ಸಾಧ್ಯವಾಯಿತು. ಸೊಸೆಗೂ ಮಗನಿಗೂ ಮುದುಕನಾದ ತಂದೆಗೂ ಅದು ಸಾಧ್ಯವಾಗಬೇಕೆಂದು ನಾವು ಬಯಸುವುದು ತರವಲ್ಲ. ಗಂಟಲಲ್ಲಿ ಏನೋ ಇದೆ ಎಂದವರನ್ನು ನಗದೆ ಪಕ್ಕದಲ್ಲಿ ಕೂರಿಸಿಕೊಂಡು, “ಏನಾಗಿದೆ, ಹೇಳು” ಎಂದು ಕೇಳಿದರೆ ಸಾಕು. ಹೊರಬರಬೇಕಾದದ್ದು ಕೆಲವೊಮ್ಮೆ ಮಾತಷ್ಟೇ ಆಗಿರುತ್ತದೆ.