ಸಂತ ನಿಕೋಲಾಸರ ಬಾರಿ ನಗರಕ್ಕೆ ಹೊರಡುವ ಮುನ್ನ

ರೋಮಾಪುರಿಯ ಯಾತ್ರೆಗೆ ಹೊರಡುವ ಕುಟುಂಬಗಳು ಇನ್ನೆರಡು ದಿನಗಳನ್ನು ಕೂಡಿಸಿಕೊಂಡರೆ, ಇಟಲಿಯ ಪೂರ್ವ ಕರಾವಳಿಯ ಬಾರಿ ನಗರವನ್ನೂ ಸಂದರ್ಶಿಸಬಹುದು. ಮಕ್ಕಳ ಪ್ರೀತಿಯ ಕ್ರಿಸ್ಮಸ್ ತಾತನ ಕಲ್ಪನೆಗೆ ಮೂಲರಾದ ಮೈರಾದ ಧರ್ಮಾಧ್ಯಕ್ಷ ಸಂತ ನಿಕೋಲಾಸರ ಅವಶೇಷಗಳು ಇಲ್ಲಿವೆ. 1087ರಲ್ಲಿ ಬಾರಿಯ ನಾವಿಕರು ಅವನ್ನು ಇಂದಿನ ಟರ್ಕಿಯಿಂದ ತಂದರು. ವೃದ್ಧ ತಂದೆತಾಯಿಯರ ಪಾಲಿಗೆ ಇಂತಹ ಯಾತ್ರೆ ಜೀವಮಾನದಲ್ಲಿ ಒಮ್ಮೆ ಮಾತ್ರ ಒದಗುವಂಥದ್ದು. ಆದುದರಿಂದ ಪೂರ್ವಸಿದ್ಧತೆ ಅವಶ್ಯ.

ಮೊದಲನೆಯದು ಷೆಂಗೆನ್ ವೀಸಾ. ಪ್ರಯಾಣಕ್ಕೆ ಆರು ತಿಂಗಳು ಮೊದಲಿನಿಂದಲೇ ಅರ್ಜಿ ಸಲ್ಲಿಸಬಹುದು. ಕನಿಷ್ಠ 30,000 ಯೂರೋ ಮೊತ್ತದ ವೈದ್ಯಕೀಯ ವಿಮೆ ಕಡ್ಡಾಯ. ಹಿಂದಿರುಗುವ ದಿನದ ನಂತರವೂ ಪಾಸ್‌ಪೋರ್ಟ್‌ಗೆ ಮೂರು ತಿಂಗಳ ಅವಧಿ ಉಳಿದಿರಬೇಕು.

ರೋಮಿನ ಟರ್ಮಿನಿ ನಿಲ್ದಾಣದಿಂದ ಬಾರಿಗೆ ವೇಗದ ರೈಲಿನಲ್ಲಿ ಸುಮಾರು ನಾಲ್ಕು ಗಂಟೆಗಳ ಪ್ರಯಾಣ. ಇದರ ಟಿಕೆಟನ್ನು ಮುಂಗಡವಾಗಿ ಕೊಂಡರೆ ಅಗ್ಗ. ಸ್ಥಳೀಯ ರೈಲುಗಳ ಕಾಗದದ ಟಿಕೆಟಿಗೆ, ಹತ್ತುವ ಮುನ್ನ, ನಿಲ್ದಾಣದ ಯಂತ್ರದಲ್ಲಿ ಮುದ್ರೆ ಹಾಕಿಸಲು ಮರೆತರೆ ದಂಡ ತೆರಬೇಕಾಗುತ್ತದೆ.

ರೈಲು ನಿಲ್ದಾಣದಿಂದ ಹಳೆಯ ಪಟ್ಟಣದೊಳಗಿನ ಬಸಿಲಿಕಾಕ್ಕೆ ನಡೆದು ಸುಮಾರು ಅರ್ಧ ಗಂಟೆಯ ಹಾದಿ. ಅಲ್ಲಿಯ ಓಣಿಗಳು ಕಿರಿದು, ನೆಲ ಕಲ್ಲುಹಾಸಿನದು. ಭಾರವಾದ ಸಾಮಾನನ್ನು ವಸತಿಗೃಹದಲ್ಲಿ ಬಿಟ್ಟು, ಗಟ್ಟಿಮುಟ್ಟಾದ ಪಾದರಕ್ಷೆ ಧರಿಸಿ ಹೊರಡುವುದು ಲೇಸು. ಸಮೀಪದಲ್ಲೇ ಸಂತ ಸಬಿನೋರ ಕ್ಯಾಥೆಡ್ರಲ್ ಇದ್ದು, ಹೊಸಬರು ಅದನ್ನೇ ಬಸಿಲಿಕಾವೆಂದು ಭಾವಿಸುವುದುಂಟು. ಸಂತರ ಸಮಾಧಿಯಿರುವುದು ಬಸಿಲಿಕಾದ ನೆಲಮಾಳಿಗೆಯಲ್ಲಿ. ಅಲ್ಲಿಗೆ ಮೆಟ್ಟಿಲಿಳಿದು ಹೋಗಬೇಕಾದುದರಿಂದ ಹಿರಿಯರಿಗೆ ಕೈಯಾಸರೆ ಬೇಕಾದೀತು. ಭುಜ, ಮೊಣಕಾಲುಗಳು ಮುಚ್ಚುವ ಉಡುಪು ಧರಿಸಿರಿ.

ಇಟಲಿಯ ಅನೇಕ ಚರ್ಚುಗಳೂ ಅಂಗಡಿಗಳೂ ಮಧ್ಯಾಹ್ನ ಕೆಲವು ಗಂಟೆ ಮುಚ್ಚಿರುತ್ತವೆ. ಆದ್ದರಿಂದ ಬೆಳಗಿನ ಹೊತ್ತು ಉತ್ತಮ. ಊಟದ ಬಿಲ್ಲಿನಲ್ಲಿ ಆಸನವೊಂದಕ್ಕೆ 'ಕೊಪೆರ್ತೊ' ಎಂಬ ಸಣ್ಣ ಶುಲ್ಕ ಕಂಡುಬಂದರೆ ಅದು ಮೋಸವಲ್ಲ, ಅಲ್ಲಿಯ ವಾಡಿಕೆ. ಆಪತ್ತಿನಲ್ಲಿ 112ಕ್ಕೆ ಕರೆ ಮಾಡಬೇಕು.

ಮೇ 7ರಿಂದ 9ರವರೆಗೆ ಸಂತರ ಅವಶೇಷಗಳ ಆಗಮನದ ಮಹೋತ್ಸವ. ಸಂತರ ಪ್ರತಿಮೆಯನ್ನು ಸಮುದ್ರಕ್ಕೆ ಕೊಂಡೊಯ್ಯುವ ಆ ಸಂಭ್ರಮವನ್ನು ಕಾಣಬಯಸುವವರು ಬಹಳ ಮೊದಲೇ ವಸತಿಯನ್ನು ಗೊತ್ತುಪಡಿಸಬೇಕು. ಶಾಂತ ಪ್ರಾರ್ಥನೆ ಬಯಸುವವರು ಬೇರೆ ದಿನಗಳನ್ನು ಆರಿಸಿಕೊಳ್ಳಲಿ.

ನೆಲಮಾಳಿಗೆಯಲ್ಲಿ ಆರ್ಥೊಡಾಕ್ಸ್ ಕ್ರೈಸ್ತರೂ ತಮ್ಮ ವಿಧಿಯಂತೆ ಆರಾಧನೆ ಸಲ್ಲಿಸುತ್ತಾರೆ. ಆಗ ಮೌನವಾಗಿ ಕಾಯುವುದು ಸೌಜನ್ಯ. ಪೋಪ್ ಫ್ರಾನ್ಸಿಸರು 2018ರ ಜುಲೈ 7ರಂದು ಪೌರ್ವಾತ್ಯ ಸಭೆಗಳ ಮುಖ್ಯಸ್ಥರನ್ನು ಮಧ್ಯಪ್ರಾಚ್ಯದ ಶಾಂತಿಗಾಗಿ ಪ್ರಾರ್ಥಿಸಲು ಕರೆದುದು ಇದೇ ಬಾರಿಗೆ. ವಿಭಜಿತ ಸಭೆಗಳ ಮಕ್ಕಳು ಒಂದೇ ಸಮಾಧಿಯ ಮುಂದೆ ಮೊಣಕಾಲೂರುವ ಆ ದೃಶ್ಯಕ್ಕಾಗಿ ಒಂದು ಗಂಟೆಯ ಬಿಡುವನ್ನಾದರೂ ಇಟ್ಟುಕೊಳ್ಳಿರಿ.